ನಾಲ್ಕು ಬೆರಳಿನ ಚಾಕು

ಕಿಸೆಯಲ್ಲಿ ಚಾಕು ಇಟ್ಟುಕೊಂಡವನಿಗೆ ಸಮಾಧಾನ ಎಂಬುದು ಇರುವುದಿಲ್ಲ. ಮೊಂಡಾಗಿದ್ದರೆ ಹರಿತ ಮಾಡು ಅನ್ನುತ್ತಾನೆ, ಹರಿತ ಮಾಡಿಕೊಟ್ಟರೆ ಅಂಗಿ ಹರಿಯಿತು ಅನ್ನುತ್ತಾನೆ. ಬಿಗಿಯಾಗಿದ್ದರೆ ಉಗುರು ಮುರಿಯಿತು, ಸಡಿಲಾಗಿದ್ದರೆ ತೊಡೆ ಕೊಯ್ಯಿತು. ಇವರೆಲ್ಲರ ತಕರಾರು ಕೇಳಲೆಂದೇ ದೇವರು ನನ್ನನ್ನು ಸಾಣೆಕಲ್ಲಿನ ಮುಂದೆ ಕೂರಿಸಿದ್ದ. ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರಿನ ಸಂತೆಗಳಲ್ಲಿ ನನ್ನ ಕೂದಲು ಬೆಳ್ಳಗಾಯಿತು. ಒಂದು ದಿನವೂ ನಗದೆ ಮನೆಗೆ ಬಂದದ್ದಿಲ್ಲ, ಬೈಸಿಕೊಳ್ಳದೆ ಬಂದದ್ದೂ ಇಲ್ಲ.

ಹೊಸ ಚಾಕು ಮಾಡುವುದು ನನ್ನ ಕೆಲಸವಲ್ಲ. ಮಡಚುವ ಚಾಕುಗಳು ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರುತ್ತಿದ್ದವು. ಅವನ್ನು ಮಾಡಿದ ಪುಣ್ಯಾತ್ಮನಿಗೆ ನಮ್ಮ ಜನ ಚಾಕುವನ್ನು ಎಲ್ಲೆಲ್ಲಿ ಇಟ್ಟುಕೊಳ್ಳುತ್ತಾರೆ ಎಂಬ ಕಲ್ಪನೆಯೇ ಇರಲಿಲ್ಲ. ಒಬ್ಬನದು ಧೋತರದ ಗಂಟಿನಲ್ಲಿ, ಒಬ್ಬನದು ರುಮಾಲಿನ ಸುತ್ತಿನಲ್ಲಿ, ಒಬ್ಬನದು ಉಡಿದಾರದಲ್ಲಿ, ಶೇರವಾನಿಯವರದು ಒಳಗಿನ ಕಿಸೆಯಲ್ಲಿ. ಆಯಾ ಜಾಗಕ್ಕೆ ಒಪ್ಪುವಂತೆ ಅಲಗು ಸವೆಸುವುದು, ಹಿಡಿ ಕೆತ್ತುವುದು, ರಿವಿಟ್ ಬಿಗಿ ಮಾಡುವುದು, ಹಿಂಬದಿಗೆ ಒಂದು ಉಂಗುರ ಕೂರಿಸುವುದು, ಇದು ನನ್ನ ಹೊಟ್ಟೆಪಾಡು. ಸಾಣೆಕಲ್ಲು ನನ್ನ ಮಾವ ಕೊಟ್ಟದ್ದು. ಅದನ್ನು ಬಿಟ್ಟರೆ ನನ್ನ ಹತ್ತಿರ ಇದ್ದ ಆಸ್ತಿ ಎಂದರೆ ಬಾಯಿ.

ನಾನು ಹೇಳುತ್ತಿರುವುದು ನಿಜಾಮರ ರಾಜ್ಯ ಹೋಗಿ ಹೊಸ ಸರಕಾರ ಬಂದ ಹೊಸತರ ಮಾತು. ಬಂದೂಕು, ಖಡ್ಗ ಇದ್ದವರೆಲ್ಲ ಠಾಣೆಗೆ ತಂದು ಒಪ್ಪಿಸಬೇಕೆಂದು ಹುಕುಂ ಆಗಿತ್ತು. ಒಪ್ಪಿಸಿದರು. ಉಳಿದದ್ದು ಕಿಸೆಯ ಚಾಕು. ಅದು ಕೊಲ್ಲುವ ಹತಾರವೋ ಮನೆಗೆಲಸದ ಸಾಮಾನೋ ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮುಂಬೈ ಸೀಮೆಯ ಕಡೆಯಿಂದ ಒಬ್ಬ ಪೊಲೀಸ್ ಅಧಿಕಾರಿ ವರ್ಗವಾಗಿ ಬಂದರು. ನಾವು ಹಳೆಯ ರೂಢಿಯಂತೆ ಅಮೀನ ಸಾಹೇಬರು ಅಂದೆವು. ಯಾವ ಠಾಣೆಗೆ ಬಂದರು ಎಂದು ಮಾತ್ರ ಹೇಳುವುದಿಲ್ಲ, ಮೂರೂ ಊರಲ್ಲಿ ನನಗೆ ಬೀಗರಿದ್ದಾರೆ. ತೆಳ್ಳಗಿನ, ಬಲು ಶಿಸ್ತಿನ ಮನುಷ್ಯ. ಬಂದ ವಾರದಲ್ಲೇ ಡಂಗುರ ಹೊಡೆಸಿದರು. ಕಿಸೆಯ ಚಾಕುವಿನ ಅಲಗು ನಾಲ್ಕು ಬೆರಳಿನಷ್ಟಿದ್ದರೆ ಸಾಮಾನು, ಮೇಲಾದರೆ ಹತಾರ. ಬೆರಳು ಅಂದರೆ ಅಡ್ಡಡ್ಡ ಇಟ್ಟು ಎಣಿಸುವ ಬೆರಳು. ಸೀರೆಯ ಅಂಚಿನಿಂದ ನೇಗಿಲಿನ ಕುಳದವರೆಗೆ ನಮ್ಮಲ್ಲಿ ಅಳತೆಯೆಲ್ಲ ಹಾಗೆಯೇ. ಸಾಹೇಬರು ನನ್ನನ್ನು ಕರೆಸಿ ಬೇರೆ ಹೇಳಿದರು.

"ನಾಕ ಬೆರಳಿನ ಮ್ಯಾಲಿಂದು ಒಂದ ಚಾಕು ನಿನ್ನ ಕೈಯಿಂದ ಹೊರಗ ಹೋತಂದ್ರ, ನಿನ್ನ ಸಾಣಿಕಲ್ಲು ಠಾಣೇಕ್ಕ ಬರ್ತದ. ತಿಳೀತಿಲ್ಲೊ?"

ತಿಳಿಯಿತು ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಕಲ್ಲು ಠಾಣೇಕ್ಕ ಹೋದ್ರ ನೀವೂ ಅದರ ಹಿಂದ ಹೋಗ್ರಿ. ದಿನಾ ಮನ್ಯಾಗ ಕೂತು ಉಪ್ಪಿಲ್ಲ ಖಾರಿಲ್ಲ ಅಂತ ನನ್ನ ಅಡಗಿಗಿ ಹೆಸರಿಡೋರು ನನಗ ಬ್ಯಾಡ."

ಚೇಷ್ಟೆಗೆ ಅಂದಳು. ಆದರೆ ಆಮೇಲೆ ಒಳಗೆ ಹೋಗಿ ಮೂಗು ಎಳೆದದ್ದು ನನಗೆ ಕೇಳಿಸಿತು. ಅವಳ ಅಪ್ಪ ಕೊಟ್ಟ ಕಲ್ಲು ಅದು. ನನಗೂ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬೆರಳು ಯಾರವು?

ಹುಕುಂ ಆದ ಮೇಲಿನ ಮೊದಲ ಸಂತೆಯಲ್ಲಿ ನನ್ನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕೈಯಲ್ಲಿ ಚಾಕು, ಚಾಕುವಿನ ಮೇಲೆ ಬೆರಳು.

ಮೊದಲು ಬಂದವನು ದರ್ಜಿ. ಅವನ ಬೆರಳೆಂದರೆ ಊದಿನಕಡ್ಡಿ. ನಾಲ್ಕು ಇಟ್ಟರೂ ಅಲಗು ಇನ್ನೂ ಒಂದು ಬೆರಳು ಉಳಿಯಿತು. "ಅರ್ಧಾ ಚಾಕು ಹೋತಲ್ಲಪ್ಪಾ" ಎಂದು ಅವನು ಅಳುಮೋರೆ ಮಾಡುವಷ್ಟರಲ್ಲಿ ಹಿಂದಿನಿಂದ ಹತ್ತಿ ಗಿರಣಿಯ ಹಮಾಲ ಕೈ ಚಾಚಿ ಅದೇ ಚಾಕುವಿನ ಮೇಲೆ ತನ್ನ ಬೆರಳಿಟ್ಟ. ಅಲಗು ಕಾಣದಾಯಿತು.

"ಎಲ್ಲಿ ಉದ್ದ ಅದ? ನನ್ನ ಕಿರಿಬೆರಳಿಗೇ ಜಾಗ ಸಾಲವಲ್ದು" ಅಂದ ಹಮಾಲ.

ದರ್ಜಿ ಕಣ್ಣೊರೆಸಿಕೊಂಡು, ಚಾಕು ಕಿತ್ತುಕೊಂಡು, ಹಮಾಲನಿಗೆ ಚಹಾ ಕುಡಿಸಲು ಕರೆದುಕೊಂಡು ಹೋದ. ನನಗೆ ಕೆಲಸ ಇಲ್ಲ.

ಆಮೇಲೆ ಬಂದವನು ಒಬ್ಬ ಒಕ್ಕಲಿಗ. ಜೊತೆಗೆ ಎತ್ತಿನಂಥ ಒಬ್ಬ ಆಳು, ಮಾತಿಲ್ಲ ಕತೆಯಿಲ್ಲ, ಸುಮ್ಮನೆ ನಿಂತಿದ್ದಾನೆ.

"ಇವ್ರು ಯಾರ್ರಿ?" ಅಂದೆ.

"ನಮ್ಮ ಭಾವನೋರು."

"ಇವರ ಚಾಕು ಎಲ್ಲಿ ಅದ?"

"ಇವರದೆಲ್ಲಿ ಚಾಕು? ಚಾಕು ನಂದು, ಬೆರಳು ಇವರವು."

ಅಲಗಿನ ಮೇಲೆ ಭಾವನ ಬೆರಳಿಡಿಸಿ ತೋರಿಸಿದ. ಸರಿಯಾಗಿಯೇ ಇತ್ತು. ನಾನು ಕೇಳಿದೆ, "ಅಲ್ಲೋ ಯಪ್ಪಾ, ಹಾದ್ಯಾಗ ಠಾಣೇದ ಜವಾನ ಹಿಡದು ಅಳತಿ ಮಾಡಿದ್ರ ಇವರನ್ನ ಎಲ್ಲಿಂದ ತರ್ತಿ?"

"ಅದಕ್ಕ ಇವತ್ತಿನಿಂದ ನಮ್ಮನ್ಯಾಗ ಇರ್ತಾರ" ಅಂದ.

ಭಾವನವರು ಆಗ ಮೊದಲ ಸಲ ನಕ್ಕರು.

ಸಡಿಲ, ಬಿಗಿ

ಇದು ಹೀಗೆ ಸಾಗುವುದಲ್ಲ ಎಂದು ನನ್ನದೇ ಬೆರಳನ್ನು ಅಳತೆ ಮಾಡಿಕೊಂಡೆ. ಯಾರೇ ತರಲಿ, ಯಾವ ಭಾವನನ್ನೇ ಕರೆತರಲಿ, ನನ್ನ ನಾಲ್ಕು ಬೆರಳಿಗೆ ಎಷ್ಟೋ ಅಷ್ಟು. ಉಳಿದದ್ದು ಸಾಣೆಗೆ. ಇದರಿಂದ ಇಬ್ಬರು ಮೂವರಿಗೆ ನನ್ನ ಮೇಲೆ ಸಿಟ್ಟು ಬಂತು. ಅದರಲ್ಲೂ ಬಟ್ಟೆ ಅಂಗಡಿಯ ಸಾಹುಕಾರರಿಗೆ. ಅವರ ಚಾಕುವಿನ ತುದಿ ಹಾರಿಸಿಕೊಟ್ಟಾಗ, "ಆ ದರ್ಜಿದು ಹಂಗ ಬಿಟ್ಟಿ, ನಂದು ಸವಸಿದಿ, ನೋಡ್ಕೋತೀನಿ" ಎಂದು ಹೋದರು. ನೋಡಿಕೊಳ್ಳಲಿ ಅಂದುಕೊಂಡೆ. ಹಾಗೆ ಅಂದುಕೊಳ್ಳಬಾರದಿತ್ತು.

ಅದೇ ದಿನಗಳಲ್ಲಿ ಶಿರವಾಳದ ಕಡೆಯ ಒಬ್ಬ ಕುರಿಗಾರ ಬಂದ. ಅವನ ಚಾಕು ಉದ್ದವಿರಲಿಲ್ಲ, ಆದರೆ ರಿವಿಟ್ ಸಡಿಲಾಗಿ ತನ್ನಷ್ಟಕ್ಕೆ ತಾನೇ ತೆರೆದುಕೊಳ್ಳುತ್ತಿತ್ತು. ಕುರಿಯ ಹಿಂದೆ ಓಡಿದಾಗಲೆಲ್ಲ ಧೋತರದ ಗಂಟಿನಲ್ಲಿ ಬಾಯಿ ತೆರೆಯುತ್ತದಂತೆ.

"ನೋಡು ಮಾವ" ಎಂದು ಧೋತರ ಎತ್ತತೊಡಗಿದ. ಸಂತೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಬೇಡವೋ, ನಂಬಿದೆ ಎಂದು ಕೈಮುಗಿದೆ.

ಅವನದು ಇನ್ನೊಂದು ಷರತ್ತು. ಒಂದು ಕೈಯಲ್ಲಿ ಮರಿ ಹಿಡಿದಿರುತ್ತಾನೆ, ಇನ್ನೊಂದೇ ಕೈಯಲ್ಲಿ ಚಾಕು ಬಿಚ್ಚಿ ಮರಿಯ ಗೊರಸಿಗೆ ಹೊಕ್ಕ ಮುಳ್ಳು ತೆಗೆಯಬೇಕು. ಓಡುವಾಗ ಬಿಚ್ಚಬಾರದು, ಬಿಚ್ಚು ಅಂದಾಗ ಒಂದೇ ಕೈಗೆ ಬಿಚ್ಚಬೇಕು. ಇಂಥ ಸೊಸೆಯನ್ನು ಯಾರೂ ಕಂಡಿಲ್ಲ, ನಾನು ಇಂಥ ಚಾಕು ಎಲ್ಲಿಂದ ತರಲಿ? ಆದರೂ ನನ್ನ ಕೈಚಳಕದ ಮೇಲೆ ನನಗೆ ಜಂಬ ಇತ್ತು. ಹಳೆಯ ರಿವಿಟ್ ತೆಗೆದು ಹಿತ್ತಾಳೆಯದು ಹಾಕಿದೆ, ಎರಡೂ ಬದಿಗೆ ತೆಳು ತಗಡಿನ ಬಿಲ್ಲೆ ಇಟ್ಟು ಬಡಿದೆ. ಮೂರು ಏಟು ಸಾಕಿತ್ತು. ಮಾತಿನ ಭರದಲ್ಲಿ ಐದು ಬಿದ್ದವು.

ಮುಂದಿನ ಸಂತೆಗೆ ಕುರಿಗಾರ ಕೆನ್ನೆ ಊದಿಸಿಕೊಂಡು ಬಂದ.

"ಚಾಕು ಹ್ಯಾಂಗ ಅದ?"

"ಚಾಕು ಭಾಳ ಚಲೋ ಆಗ್ಯಾದ ಮಾವ. ಎಷ್ಟು ಓಡಿದ್ರೂ ಬಿಚ್ಚಂಗಿಲ್ಲ."

"ಮತ್ತ ಬಿಚ್ಚಬೇಕಂದ್ರ?"

"ಒಂದ ಕೈಯಾಗ ಮರಿ ಇರ್ತದ. ಇನ್ನೊಂದು ಕೈಗಿ ಬಿಚ್ಚವಲ್ದು. ಹಲ್ಲಿಲೆ ಕಚ್ಚಿ ಜಗ್ಗತೀನಿ." ಹಾಗೆಂದವನೇ ಬಾಯಿ ಅಗಲಿಸಿ ಮುಂದಿನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದ. "ಈಗ ಇದು ಸಡಲಾಗ್ಯಾದ. ಇದಕ್ಕೂ ಒಂದು ಹಿತ್ತಾಳಿ ರಿವಿಟ್ ಹೊಡಿ."

ಪೇಶಕಾರರ ವಿಚಾರ

ತಹಸೀಲ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಒಬ್ಬ ಪೇಶಕಾರರಿದ್ದರು. ಶೇರವಾನಿ, ಅತ್ತರು, ಬಲು ಮೃದು ಮಾತು. ಮನೆಯಲ್ಲಿ ದಖನಿ ಉರ್ದು ಆಡಿದರೂ ನಮ್ಮ ಜೊತೆ ನಮ್ಮ ಮಾತೇ ಆಡುತ್ತಿದ್ದರು. ಹಿಂದೆ ದಫ್ತರವೆಲ್ಲ ಉರ್ದುವಿನಲ್ಲಿತ್ತು. ಉರ್ದು ಬರೆಯುವ ಬಿದಿರಿನ ಲೇಖನಿಯ ತುದಿಯನ್ನು ಓರೆಯಾಗಿ ಕೆತ್ತಬೇಕು. ಎರಡು ಪುಟ ಬರೆದರೆ ತುದಿ ಸವೆಯುತ್ತದೆ, ಮತ್ತೆ ಕೆತ್ತಬೇಕು. ಪೇಶಕಾರರ ಪದ್ಧತಿ ಏನೆಂದರೆ, ಕಾಗದ ಮುಂದೆ ಬಂದ ಕೂಡಲೇ ಚಾಕು ಬಿಚ್ಚಿ ಲೇಖನಿ ಕೆತ್ತುತ್ತಾ ಕೂರುವುದು. ಕೆತ್ತಿ ಮುಗಿಯುವಷ್ಟರಲ್ಲಿ ಮೇಲಿನವರಿಗೆ ಏನು ಬರೆಯಬೇಕೆಂದು ತಲೆಯಲ್ಲಿ ಸಿದ್ಧವಾಗಿರುತ್ತಿತ್ತು.

ಹೊಸ ಸರಕಾರ ಬಂದು ಅವರ ಕೈಗೆ ಉಕ್ಕಿನ ನಿಬ್ಬಿನ ಟಾಕು ಕೊಟ್ಟಿತು. ಅದನ್ನು ಕೆತ್ತುವ ಹಾಗಿಲ್ಲ. ಆದರೆ ಅಷ್ಟು ವರ್ಷ ಕೆತ್ತಿದ ಕೈ ಸುಮ್ಮನಿರಬೇಕಲ್ಲ?

ಒಂದು ದಿನ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಚಾಕು ಕೊಟ್ಟರು. "ಉಸ್ತಾದ್, ಇದರ ಧಾರ ತಗದುಬಿಡು."

ಹರಿತ ಮಾಡಿಸಲು ಬರುವವರನ್ನು ಕಂಡಿದ್ದೆ. ಕಿಸೆಯಲ್ಲೂ ಇರಬೇಕು, ಕೊಯ್ಯಲೂಬಾರದು ಅನ್ನುವವರು ಇವರೇ ಮೊದಲು. ಯಾಕೆಂದು ಕೇಳಿದೆ.

"ಕ್ಯಾ ಬತಾವೂಂ? ಮೊದಲು ಟಾಕಿನ ಹಿಡಿಕಿ ಕೆತ್ತಿದೆ. ಅದು ಮುಗೀತು. ರೂಲು ಕಟಗಿ ಕೆತ್ತಿದೆ. ಈಗ ಅದರಲೆ ಗೆರಿ ಎಳದ್ರ ಕೃಷ್ಣಾ ಹೊಳಿ ಹರದಂಗ ಹೋಗ್ತದ. ನಿನ್ನಿ ಒಂದು ದೊಡ್ಡ ಫೈಲು ಬಂತು. ಭಾಳ ವಿಚಾರ ಮಾಡಬೇಕಾಯ್ತು." ದನಿ ತಗ್ಗಿಸಿದರು. "ತಹಸೀಲದಾರ ಸಾಹೇಬರ ಕುರ್ಚಿಗಿ ಈಗ ಒಂದ ಕೈ ಉಳದದ."

ಅಂಥ ಒಳ್ಳೆಯ ಉಕ್ಕಿನ ಧಾರೆಯನ್ನು ನನ್ನ ಕೈಯಾರೆ ಕೊಲ್ಲುವುದೆಂದರೆ ಪಾಪವೇ. ಕೊಂದೆ. ಹೋಗುವಾಗ ಅವರು ಒಂದು ಉಪಕಾರ ಮಾಡಿದರು. ಸಾಹುಕಾರರು ನನ್ನ ಮೇಲೆ ಅಮೀನರಿಗೆ ಅರ್ಜಿ ಹಾಕಿದ್ದಾರೆ, ಇವತ್ತಲ್ಲ ನಾಳೆ ಸಂತೆಗೆ ಬಂದು ನೋಡುತ್ತಾರೆ, ಹುಷಾರಾಗಿರು ಎಂದು ಪಿಸುಗುಟ್ಟಿದರು.

ಒಂದು ವಾರ ಬಿಟ್ಟು ಪೇಶಕಾರರೇ ಮತ್ತೆ ಬಂದರು. ಮುಖ ಸಣ್ಣದಾಗಿತ್ತು. ಕುರ್ಚಿ ಉಳಿಯಿತೇ ಅಂದೆ.

"ಕುರ್ಚಿ ಉಳೀತು, ಮೇಜೂ ಉಳೀತು. ಆದರ ಅವತ್ತಿನಿಂದ ತಲ್ಯಾಗ ಒಂದೂ ವಿಚಾರ ಬರವಲ್ದು. ಧಾರ ಹಾಕಿ ಕೊಡು, ಮನಿಯಿಂದ ಕಚೇರಿಗಿ ಒಂದು ಹಳೀ ಸ್ಟೂಲು ಒಯ್ದೀನಿ."

ಗಂಡಂದು ಒಂದು, ಹೆಂಡತಿದು ಒಂದು

ತಿಂಥಣಿ ಕಡೆಯ ಒಬ್ಬ ಗೃಹಸ್ಥ ಬೆಳಿಗ್ಗೆ ಚಾಕು ಕೊಟ್ಟು ಕಿವಿಯಲ್ಲಿ ಹೇಳಿದ. "ನನಗೊಬ್ಬನಿಗೇ ಬಿಚ್ಚಂಗ ಏನರೆ ಯುಕ್ತಿ ಮಾಡು. ನಮ್ಮಾಕಿ ಇದರಲೆ ಹಾಲಿನ ಗಡಗಿ ತಳ ಕೆರೀತಾಳ."

ಆಗಲಿ ಅಂದೆ. ಮಧ್ಯಾಹ್ನ ಅವನ ಹೆಂಡತಿ ಸೆರಗು ಹೊದ್ದುಕೊಂಡು ಬಂದಳು.

"ಅಣ್ಣಾ, ನಮ್ಮನಿಯವರ ಚಾಕು ನಿಮ್ಮ ಹಂತ್ಯಾಕ ಅದ ಅಲ್ರಿ? ಅವರಿಗಿ ಬಿಚ್ಚಲಾರದಂಗ ಮಾಡ್ರಿ. ಕಾಲಿನ ಉಗುರು ತಕ್ಕೋತಾರ, ಅದರಲೇ ಸೌತಿಕಾಯಿ ಹೆಚ್ಚಿ ನನ್ನ ಮುಂದ ಇಡ್ತಾರ. ನಾ ಹೇಳೀನಂತ ಹೇಳಬ್ಯಾಡ್ರಿ."

ಇಬ್ಬರದೂ ನ್ಯಾಯವೇ. ಅಲಗಿನ ಬುಡದಲ್ಲಿ ಒಂದು ಸಣ್ಣ ಗುಪ್ತ ಮೊಳೆ ಕೂರಿಸಿದೆ. ಅದನ್ನು ಒತ್ತಿದರೆ ಮಾತ್ರ ಬಿಚ್ಚಬೇಕು. ಗುಟ್ಟನ್ನು ಗಂಡನಿಗೆ ಹೇಳುವುದೋ ಹೆಂಡತಿಗೆ ಹೇಳುವುದೋ ಎಂದು ಯೋಚಿಸುತ್ತಾ, ಅಮೀನರ ಭಯವೂ ತಲೆಯಲ್ಲಿದ್ದುದರಿಂದ, ಒಂದು ಏಟು ಜೋರಾಗಿ ಹಾಕಿದೆ. ಮೊಳೆ ಒಳಗೆ ಹೋಗಿ ಕೂತಿತು. ಆಮೇಲೆ ನನಗೂ ಬಿಚ್ಚಲಿಲ್ಲ. ಸಂಜೆ ಗಂಡ ಅವಸರದಲ್ಲಿ ಬಂದು ಚಾಕು ಕಿಸೆಗೆ ಹಾಕಿಕೊಂಡು ಹೊರಟೇಹೋದ.

ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಕೂಡಿ ನನ್ನ ಕಡೆಗೇ ಬರುವುದನ್ನು ಕಂಡು ಸುತ್ತಿಗೆ ಹತ್ತಿರ ಎಳೆದುಕೊಂಡೆ. ಆದರೆ ಅವಳು ನಗುತ್ತಿದ್ದಳು.

"ಅಣ್ಣಾ, ಇಂಥಾದ್ದು ಇನ್ನೊಂದು ಇದ್ರ ಕೊಡ್ರಿ, ನಮ್ಮ ಅತ್ತಿಯವರಿಗೂ ಬೇಕಂತ. ಬಳ್ಳೊಳ್ಳಿ ಜಜ್ಜಾಕ ಭಾಳ ಚಲೋ ಅದ."

ಪಂಚನಾಮೆ

ಕೊನೆಗೆ ಅಮೀನ ಸಾಹೇಬರು ಬಂದೇಬಿಟ್ಟರು. ಸಂತೆ ತುಂಬಿದ ಹೊತ್ತು. ಜೊತೆಗೆ ಒಬ್ಬ ಬರೆಯುವ ಮುನ್ಶಿ, ಒಬ್ಬ ದಪ್ಪನೆಯ ಜವಾನ, ಒಂದು ಎತ್ತಿನ ಬಂಡಿ. ಬಂಡಿ ಕಂಡ ಕೂಡಲೇ ನನಗೆ ಅರ್ಥವಾಯಿತು.

ನನ್ನ ಮುಂದೆ ಸಿದ್ಧವಾಗಿದ್ದ ಒಂದು ಚಾಕು ಎತ್ತಿ, ಬಿಚ್ಚಿ, ಸಾಹೇಬರು ತಮ್ಮ ನಾಲ್ಕು ಬೆರಳು ಇಟ್ಟರು. ನನ್ನದು ಸಾಣೆ ತಿರುಗಿಸಿ ದಡ್ಡುಗಟ್ಟಿದ ಬೆರಳು. ಅವರದು ವೀಳ್ಯದೆಲೆಯ ತೊಟ್ಟು. ಅರ್ಧ ಬೆರಳು ಹೆಚ್ಚಾಯಿತು. ಇನ್ನೊಂದು ಎತ್ತಿದರು. ಅದೂ ಅರ್ಧ ಬೆರಳು ಹೆಚ್ಚು.

"ಸಾಹೇಬರ, ನನ್ನ ಬೆರಳಿಗಿ ಸರಿ ಅದರಿ" ಅಂದೆ.

"ಹುಕುಂ ಯಾರದು? ನಂದು. ಅಂದಮ್ಯಾಲ ಬೆರಳೂ ನನ್ನವ."

ಮುನ್ಶಿ ಪಂಚನಾಮೆ ಬರೆದು, ನನ್ನ ಮುಂದಿದ್ದ ಚಾಕುಗಳನ್ನೆಲ್ಲ ಚೀಲಕ್ಕೆ ತುಂಬಿ ಅರಗಿನ ಮುದ್ರೆ ಒತ್ತಿದ. ಸಾಕ್ಷಿಗೆ ಶೇಂಗಾ ಮಾರುತ್ತಿದ್ದ ಒಬ್ಬ ಮುದುಕನನ್ನು ಎಳೆತಂದು, ಅವನ ಹೆಬ್ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿದ. ಜವಾನ ಮತ್ತು ಬಂಡಿಯವ ಕೂಡಿ ನನ್ನ ಸಾಣೆಕಲ್ಲನ್ನು ಚೌಕಟ್ಟಿನ ಸಮೇತ ಎತ್ತಿ ಬಂಡಿಗೆ ಹಾಕಿದರು. ಮನೆಗೆ ಹೋಗಿ ಅವಳಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕಣ್ಣಲ್ಲಿ ನೀರು ಬಂತು, ಧೂಳು ಎಂದು ಒರೆಸಿಕೊಂಡೆ.

ಕಲ್ಲು ಉರುಳದಂತೆ ಹಗ್ಗ ಬಿಗಿದರು. ಹಗ್ಗ ಉದ್ದವಾಗಿ ಗಾಲಿಗೆ ಸುತ್ತುವಂತಿತ್ತು.

"ಯಾರ ಹತ್ರ ಚಾಕು ಅದ, ಕೊಡ್ರಿ" ಎಂದು ಜವಾನ ಕೂಗಿದ.

ಆ ಸಂತೆಯಲ್ಲಿ ಚಾಕು ಇಲ್ಲದ ಗಂಡಸು ಇರಲಿಲ್ಲ. ಆದರೆ ಆ ಹೊತ್ತಿಗೆ ಎಲ್ಲರೂ ಆಕಾಶ ನೋಡುತ್ತಿದ್ದರು. ಹೊತ್ತಾಯಿತು. ಸಾಹೇಬರಿಗೆ ಬೇಸರ ಬಂದು, ತಮ್ಮ ಕಿಸೆಗೇ ಕೈ ಹಾಕಿ ಒಂದು ಚಾಕು ತೆಗೆದು ಬಿಚ್ಚಿದರು. ಕೋಡಿನ ಹಿಡಿ, ಬೆಳ್ಳಿಯ ಕಟ್ಟು, ಕನ್ನಡಿಯಂಥ ಅಲಗು. ಅಂಥದ್ದು ನಾನು ಆವರೆಗೆ ಮುಟ್ಟಿರಲಿಲ್ಲ.

ಜವಾನ ಕೆಟ್ಟವನಲ್ಲ, ಪಾಪ. ವಾರಗಟ್ಟಲೆ ಕಂಡ ಕಂಡ ಚಾಕುವಿನ ಮೇಲೆಲ್ಲ ಬೆರಳಿಟ್ಟು ಅವನ ಕೈಗೆ ಚಟ ಹತ್ತಿತ್ತು. ಸಾಹೇಬರು ಚಾಕು ಅವನಿಗೆ ಕೊಟ್ಟರೋ ಇಲ್ಲವೋ, ಅಲಗಿನ ಮೇಲೆ ನಾಲ್ಕು ಬೆರಳು ಇಟ್ಟೇಬಿಟ್ಟ. ಅವನ ದಪ್ಪ ಬೆರಳು ದಾಟಿ ಅಲಗು ಇನ್ನೂ ಒಂದು ಬೆರಳು ಹೊರಗೆ ಚಾಚಿತ್ತು.

"ಸಾಹೇಬರ," ಅಂದ, "ಇದು ಹತಾರ ಆಗ್ತದರಿ."

ಆಕಾಶ ನೋಡುತ್ತಿದ್ದವರೆಲ್ಲ ಈಗ ಸಾಹೇಬರನ್ನು ನೋಡಿದರು. ಸಾಹೇಬರ ಕಿವಿ ಕೆಂಪಾದವು. ಒಂದು ಮಾತು ಹೇಳಬೇಕು, ಅವರು ಪ್ರಾಮಾಣಿಕ ಮನುಷ್ಯ. ಬೇರೆ ಯಾರೇ ಆಗಿದ್ದರೂ ಜವಾನನಿಗೆ ಎರಡು ಬಿಟ್ಟು ಚಾಕು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಇವರು ಗಂಟಲು ಸರಿಮಾಡಿಕೊಂಡರು.

"ಹುಕುಂ ಅಂದ್ರ ಎಲ್ಲಾರಿಗೂ ಹುಕುಂ. ಕಲ್ಲು ಇಳಸ್ರಿ. ಮೊದಲ ನಂದು ಸವಸಲಿ. ಆಮ್ಯಾಲ ಕಲ್ಲು ಜಪ್ತಿ."

ಕಲ್ಲು ಇಳಿಯಿತು. ನಾನು ಕೂತು ಕಲ್ಲಿಗೆ ನೀರು ಚಿಮುಕಿಸಿ ಕೈ ಚಾಚಿದೆ. ಸಾಹೇಬರು ಚಾಕು ಕೊಟ್ಟರು, ಆದರೆ ಹಿಡಿ ಬಿಡಲಿಲ್ಲ.

"ಹುಷಾರು" ಅಂದರು ಮೆಲ್ಲಗೆ. "ನಮ್ಮ ಮಾವನವರು ಮದುವ್ಯಾಗ ಕೊಟ್ಟದ್ದು. ಊರಿಗಿ ಹೋದ್ರ ಮೊದಲ ಇದನ್ನ ತೋರಸು ಅಂತಾರ."

"ಈ ಕಲ್ಲೂ ನಮ್ಮ ಮಾವನೋರು ಕೊಟ್ಟದ್ದರಿ" ಅಂದೆ. ಜಾಣತನಕ್ಕೆ ಅಂದದ್ದಲ್ಲ, ಬಾಯಿಗೆ ಬಂದುಬಿಟ್ಟಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಾಕು ಅವರ ಕೈಯಲ್ಲೂ ಇತ್ತು, ನನ್ನ ಕೈಯಲ್ಲೂ ಇತ್ತು. ಆಗ ಶೇಂಗಾದ ಮುದುಕ ಜನರನ್ನು ಸರಿಸಿಕೊಂಡು ಮುಂದೆ ಬಂದ. ಮಸಿ ಹತ್ತಿದ ಹೆಬ್ಬೆರಳನ್ನು ಬಟ್ಟೆಗೆ ತಾಕದಂತೆ ಮೇಲೆತ್ತಿ ಹಿಡಿದಿದ್ದ.

"ಸಾಹೇಬರ, ಸಿಟ್ಟಿಗೇಳಬ್ಯಾಡ್ರಿ, ಒಂದ ಮಾತು ಕೇಳ್ತೀನಿ. ದೇವರು ಕೈಯಾಗ ಐದು ಬೆರಳು ಕೊಟ್ಟಾನ. ನೀವು ನಾಕು ಹಿಡದು ಇದೊಂದನ್ನ ಯಾಕ ಬಿಟ್ರಿ?"

"ಹೆಬ್ಬೆರಳು ಅಳತ್ಯಾಗ ಬರಂಗಿಲ್ಲ ಅಜ್ಜಾ" ಅಂದರು ಸಾಹೇಬರು.

"ಬರಂಗಿಲ್ಲ? ಹೊಲದ ಕಾಗದಕ್ಕ ಇದನ್ನ ಒತ್ತಿಸಿಗೊಂಡ್ರಿ. ಸಾಕ್ಷಿಗಿ ಇದನ್ನ ಒತ್ತಿಸಿಗೊಂಡ್ರಿ. ಈಗ ನಿಮ್ಮ ಪಂಚನಾಮಿಗೂ ಇದನ್ನ ಕೇಳಿದ್ರಿ. ಹಳೀ ಸರಕಾರ ಇರಲಿ, ಹೊಸಾ ಸರಕಾರ ಇರಲಿ, ನಂಬೋದು ಇದೊಂದು ಬೆರಳನ್ನ. ಉಳದ ನಾಕನ್ನ ಯಾರರೆ ಯಾವತ್ತರೆ ಕೇಳ್ಯಾರೇನ್ರಿ?"

ಹೀಗೆಂದು ಜವಾನನ ಕೈ ಹಿಡಿದು ಅಲಗಿನ ಮೇಲೆ ಮತ್ತೆ ನಾಲ್ಕು ಬೆರಳು ಇಡಿಸಿದ. ಅದರ ಪಕ್ಕಕ್ಕೆ ತನ್ನ ಮಸಿಯ ಹೆಬ್ಬೆರಳನ್ನು ಒತ್ತಿದ. ಅಲಗಿನ ತುದಿ ಸರಿಯಾಗಿ ಮುಚ್ಚಿಹೋಯಿತು. ಒಂದು ಕೂದಲಿನಷ್ಟೂ ಹೊರಗಿಲ್ಲ.

ಸಾಹೇಬರು ಅದನ್ನು ನೋಡಿದರು. ಬಗ್ಗಿ ಇನ್ನೊಂದು ಸಲ ನೋಡಿದರು. ಆಮೇಲೆ ಮುನ್ಶಿಯ ಕಡೆ ತಿರುಗಿ, ಅತ್ಯಂತ ಗಂಭೀರವಾಗಿ ಹೇಳಿದರು.

"ನಾಕು ಅಂತ ಬರದದ್ದು ತಪ್ಪಾಗ್ಯಾದ. ಐದು ಅಂತ ಬರಕೋ. ಈ ಪಂಚನಾಮಿ ಹರದ ಹಾಕು. ಐದು ಬೆರಳಂದ್ರ ಇವನ ಚಾಕು ಎಲ್ಲಾ ಒಳಗ ಅವ. ಸಾಣಿಕಲ್ಲು ಇಲ್ಲೇ ಇರಲಿ."

ಸಂತೆಗೆ ಸಂತೆಯೇ ಹೋ ಎಂದಿತು. ಎಲ್ಲರ ಕಿಸೆಯಿಂದಲೂ ಚಾಕು ಹೊರಬಂದವು. ನಾನು ಕಲ್ಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತೆ. ಇವತ್ತು ಮನೆಗೆ ಹೋಗಿ ಅವಳ ಅಡಿಗೆಗೆ ಹೆಸರಿಡಬಹುದು ಎಂದು ಬಹಳ ಸಂತೋಷವಾಯಿತು.

ಸಾಹೇಬರು ಚಾಕು ಮಡಚಲು ಹೋಗಿ ನಿಂತರು. ಕನ್ನಡಿಯಂಥ ಅಲಗಿನ ತುದಿಯಲ್ಲಿ ಮುದುಕನ ಹೆಬ್ಬೆಟ್ಟು ಕರ್ರಗೆ ಗೆರೆಗೆರೆಯಾಗಿ ಮೂಡಿತ್ತು. ಕರವಸ್ತ್ರದಿಂದ ತಿಕ್ಕಿದರು, ಹೋಗಲಿಲ್ಲ. ನನ್ನ ಕಡೆ ಚಾಚಿ, "ಇದನ್ನಷ್ಟು ಅಳಸಿ ಕೊಡು" ಅಂದರು.

ನಾನು ತೆಗೆದುಕೊಳ್ಳುವಷ್ಟರಲ್ಲಿ ಮುದುಕ ಅಡ್ಡ ಬಂದ.

"ಅಳಸಬ್ಯಾಡ್ರಿ ಸಾಹೇಬರ. ಹಂಗ ಇರಲಿ. ಹಾದ್ಯಾಗ ಯಾರರೆ ಪೊಲೀಸರು ಹಿಡದ್ರ ತೋರಸಾಕ ಬೇಕಾಗ್ತದ."